ಹಳೇ ಚಾಸಿಗೆ ಕೈ ಮುಗಿಯಿರಿ, ಅದರ ಮೇಲೆ ಜನ ಕೂರಿಸಬೇಡಿ

‘ಹಳೇ ಕಬ್ಬಿಣ ಇದು. ಈಗಿನ ಗಾಡಿಗಳಲ್ಲಿ ಇಂಥಾದ್ದು ಎಲ್ಲಿ ಬರುತ್ತೆ ಹೇಳಿ?’

ನಮ್ಮ ಮನೆ ಜೀಪಿನ ಚಾಸಿಗೆ ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟು ಮೇಸ್ತ್ರಿ ಹೇಳಿದ ಮಾತಿದು. ನಾವು ನಂಬಿದೆವು. ನಂಬದೇ ಇರುವುದಕ್ಕೆ ಕಾರಣವೂ ಇರಲಿಲ್ಲ. ಅಪ್ಪ ಅದೇ ಮಾತು ಹೇಳುತ್ತಿದ್ದರು, ಅಪ್ಪನ ಸ್ನೇಹಿತರೂ ಅದನ್ನೇ ಹೇಳುತ್ತಿದ್ದರು. ಹದಿನೆಂಟು ಸಾವಿರ ಕೊಟ್ಟು ‘ಫುಲ್ ಚಾಸಿ ಕೆಲಸ’ ಮಾಡಿಸಿದೆವು. ಅಡಿಗೆ ಕಪ್ಪು ಬಣ್ಣ ಹೊಡೆದು ಮಿರಮಿರ ಮಿಂಚುವ ಹಾಗೆ ಮಾಡಿ ಕೊಟ್ಟರು.

ಎರಡು ವರ್ಷ ಕಳೆಯಿತು. ಒಂದು ಜನವರಿ, ಕಾಫಿ ಕೊಯ್ಲಿನ ಸಮಯ. ಹಿಂದೆ ಒಂಬತ್ತು ಜನ ಕೂತಿದ್ದರು, ಏಳು ಹೆಂಗಸರು, ಇಬ್ಬರು ಗಂಡಸರು. ಇಳಿಜಾರಿನ ತಿರುವಿನಲ್ಲಿ ಹಿಂದಿನ ಎಡಗಡೆ ಸ್ಪ್ರಿಂಗ್ ಹಿಡಿದಿಡುವ ಹ್ಯಾಂಗರ್, ತಾನು ಕೂತಿದ್ದ ಚಾಸಿಯ ತುಂಡನ್ನೇ ಕಿತ್ತುಕೊಂಡು ಬಂತು. ಆಕ್ಸಲ್ ಓರೆಯಾಯಿತು. ಜೀಪು ದರೆಯ ಕಡೆ ವಾಲಿ ಮಣ್ಣಿಗೆ ಒರಗಿ ನಿಂತಿತು. ಕಣಿವೆಯ ಕಡೆ ವಾಲಿದ್ದರೆ ಈ ಬರಹ ಇರುತ್ತಿರಲಿಲ್ಲ. ಒಬ್ಬ ಅಕ್ಕನ ಕುತ್ತಿಗೆಯ ಪಕ್ಕದ ಮೂಳೆ ಮುರಿಯಿತು. ಉಳಿದವರು ತರಚು ಗಾಯದಲ್ಲಿ ಪಾರಾದರು.

ಆಮೇಲೆ ಚಾಸಿಯ ಒಳಗೆ ಬೆರಳು ಹಾಕಿ ನೋಡಿದೆವು. ತೇಪೆಯ ಮೇಲೆ ತೇಪೆ. ಅದರ ಹಿಂದೆ ಮುಷ್ಟಿ ತುಂಬ ಒದ್ದೆ ಮಣ್ಣು, ಹಪ್ಪಳದಂತೆ ಪದರ ಪದರವಾಗಿ ಏಳುವ ತುಕ್ಕು. ವೆಲ್ಡಿಂಗ್ ಬಿಟ್ಟಿರಲಿಲ್ಲ, ಅದು ಗಟ್ಟಿಯಾಗಿಯೇ ಇತ್ತು. ಅದು ಹಿಡಿದುಕೊಳ್ಳಲು ಪಕ್ಕದಲ್ಲಿ ಕಬ್ಬಿಣವೇ ಉಳಿದಿರಲಿಲ್ಲ.

ನಾವು ಊರಿಂದ ಪತ್ರಿಕೆಗಳಿಗೆ ಸುದ್ದಿ ಕಳಿಸುವವರು. ಜೀಪು ಪಲ್ಟಿಯಾದ ಸುದ್ದಿಯನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಪ್ರತಿ ಸಲವೂ ಅದೇ ಸಾಲು: ‘ಚಾಲಕನ ನಿಯಂತ್ರಣ ತಪ್ಪಿ’. ಒಂದು ಸಲವೂ ಗಾಡಿಯ ಅಡಿಗೆ ಬಗ್ಗಿ ನೋಡಿ ಬರೆದವರಲ್ಲ. ನಮ್ಮದೇ ಜೀಪು ನಮ್ಮ ಕಣ್ಣೆದುರು ಮುರಿದ ಮೇಲೆ ಆ ಸಾಲು ಬರೆಯಲು ಕೈ ಬರುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ. ಸ್ವಲ್ಪ ಖಾರವಾಗಿಯೇ ಬರೆಯುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ.

ಚಾಸಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಏಣಿಯನ್ನು ನೆಲದ ಮೇಲೆ ಮಲಗಿಸಿದ್ದೀರಿ ಅಂದುಕೊಳ್ಳಿ. ಉದ್ದಕ್ಕೆ ಎರಡು ಕಂಬಿ, ಅಡ್ಡಕ್ಕೆ ನಾಲ್ಕೈದು ಮೆಟ್ಟಿಲು. ಜೀಪಿನ ಚಾಸಿ ಅಷ್ಟೇ. ಎಂಜಿನ್, ಗೇರ್ ಬಾಕ್ಸ್, ಸ್ಪ್ರಿಂಗು, ಸ್ಟೀರಿಂಗು ಎಲ್ಲವೂ ಈ ಏಣಿಗೇ ಕಚ್ಚಿಕೊಂಡಿರುತ್ತವೆ. ಮೇಲಿನ ತಗಡಿನ ಬಾಡಿ ಬರೀ ಹೊದಿಕೆ. ಬಾಡಿ ತೂತಾದರೆ ಮಳೆ ಒಳಗೆ ಬರುತ್ತದೆ. ಏಣಿ ತೂತಾದರೆ ಜನ ಹೊರಗೆ ಬೀಳುತ್ತಾರೆ.

ಮಲೆನಾಡಿನಲ್ಲಿ ಈ ಏಣಿಯ ಮೇಲೆ ಕೂತವರು ಯಾರು ನೋಡಿ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ, ಮಾಣಿಕ್ಯಧಾರಾಕ್ಕೆ ಹೋಗುವ ಪ್ರವಾಸಿಗರು. ಬಸ್ಸು ಬಾರದ ಊರಿಂದ ಶಾಲೆಗೆ ಹೋಗುವ ಮಕ್ಕಳು. ತೋಟದ ಆಳುಗಳು. ಹೆರಿಗೆ ನೋವು ಬಂದ ರಾತ್ರಿ ಆಸ್ಪತ್ರೆಗೆ ಹೊರಟ ಹೆಂಗಸು. ಜೀಪು ನಮಗೆ ಶೋಕಿ ಅಲ್ಲ, ಕಾಲು. ಹಾಗಾಗಿ ಈಗ ಊರೂರಲ್ಲಿ ನಡೆಯುತ್ತಿರುವ ಚರ್ಚೆ ಸಣ್ಣದಲ್ಲ: ಚಾಸಿ ಹೋದರೆ ಹಳೆಯದನ್ನೇ ಸರಿ ಮಾಡಿಸಬೇಕಾ, ಹೊಸ ಸ್ಟೀಲಿನಲ್ಲಿ ಕಟ್ಟಿಸಬೇಕಾ?

ಒಂದು ಗುಂಪು ಹಳೇ ಕಬ್ಬಿಣದ ಭಕ್ತರದು. ಮೊದಲು ಇವರಿಗೆ ಉತ್ತರ ಕೊಡೋಣ.

ಹಳೇ ಕಬ್ಬಿಣ ಗಟ್ಟಿ ಅನ್ನುವ ಮಾತು ಎಲ್ಲಿಂದ ಬಂತು? ಹಳೇ ಜೀಪಿನ ತಗಡು ದಪ್ಪ ಇತ್ತು, ಅದು ನಿಜ. ಮಹೀಂದ್ರಾದವರು 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರುಮಾಡಿದರು. ಎರಡನೇ ಮಹಾಯುದ್ಧಕ್ಕಾಗಿ ಮಾಡಿದ ಗಾಡಿಯ ವಂಶ ಅದು. ಆ ಸಾಲಿನ ಕೆಲವು ಜೀಪುಗಳು ಇವತ್ತಿಗೂ ಓಡುತ್ತಿವೆ. ಅದನ್ನು ನೋಡಿ ನಾವು ‘ಆಗಿನ ಕಬ್ಬಿಣವೇ ಹಾಗೆ’ ಅನ್ನುತ್ತೇವೆ. ಆದರೆ ಓಡದೇ ಇರುವ ಜೀಪುಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲವಲ್ಲ. ಮುರಿದವು, ಕೊಳೆತವು, ಕಣಿವೆಗೆ ಬಿದ್ದವು ಎಲ್ಲಾ ಗುಜರಿಗೆ ಹೋಗಿ ಕರಗಿ ಯಾವುದೋ ಮನೆಯ ಕಂಬಿಯಾಗಿವೆ. ತೊಂಬತ್ತು ದಾಟಿದ ಅಜ್ಜನನ್ನು ತೋರಿಸಿ ಹಿಂದಿನ ಕಾಲದವರೆಲ್ಲ ತೊಂಬತ್ತು ಬದುಕುತ್ತಿದ್ದರು ಅಂದ ಹಾಗಾಯಿತು ಇದು. ಅವನ ಜೊತೆ ಹುಟ್ಟಿದವರ ಲೆಕ್ಕ ಯಾರ ಹತ್ತಿರ ಇದೆ?

ಉಪ್ಪಿನಕಾಯಿ ಹಳತಾದರೆ ರುಚಿ ಹೆಚ್ಚಬಹುದು. ಕಬ್ಬಿಣ ಹಳತಾದರೆ ಬಲ ಹೆಚ್ಚುವುದಿಲ್ಲ. ಒಳ್ಳೆಯ ಮನೆಯಲ್ಲಿ, ಒಣಗಿದ ಊರಲ್ಲಿ, ಹದವಾದ ಭಾರದಲ್ಲಿ ಇದ್ದರೆ ಮೊದಲಿನಷ್ಟೇ ಇರುತ್ತದೆ. ಇಲ್ಲದಿದ್ದರೆ ಎರಡು ಕಡೆಯಿಂದ ಸಾಯುತ್ತಾ ಬರುತ್ತದೆ.

ಒಂದು, ಆಯಾಸ. ಮನೆ ಕಟ್ಟುವಾಗ ಸರಳು ಬಿಗಿಯುವ ತಂತಿಯನ್ನು ಅತ್ತ ಇತ್ತ ಹತ್ತು ಸಲ ಬಗ್ಗಿಸಿ ನೋಡಿ, ತಾನಾಗಿ ತುಂಡಾಗುತ್ತದೆ. ಒಂದೇ ಸಲ ಎಳೆದಿದ್ದರೆ ತುಂಡಾಗುತ್ತಿರಲಿಲ್ಲ. ಚಾಸಿಗೂ ಹಾಗೇ. ಆರು ಜನರ ಗಾಡಿಗೆ ಹದಿನಾಲ್ಕು ಜನ ತುಂಬಿ ಕಲ್ಲು ರಸ್ತೆಯಲ್ಲಿ ಮೂವತ್ತು ವರ್ಷ ಓಡಿಸಿದರೆ ಪ್ರತಿ ಗುಂಡಿಗೂ ಆ ಕಂಬಿ ಒಂದೊಂದು ಸಲ ಬಗ್ಗಿ ನೆಟ್ಟಗಾಗಿರುತ್ತದೆ. ಬಿರುಕು ಮೊದಲು ಹುಟ್ಟುವುದು ತೂತು ಕೊರೆದ ಜಾಗದಲ್ಲಿ, ರಿವೆಟ್ ಹತ್ತಿರ, ವೆಲ್ಡಿಂಗ್ ಅಂಚಿನಲ್ಲಿ. ಶುರುವಿನಲ್ಲಿ ಕೂದಲೆಳೆಯಷ್ಟೇ ಇರುತ್ತದೆ. ಬಣ್ಣ ಹೊಡೆದರೆ ಕಾಣುವುದೇ ಇಲ್ಲ.

ಇನ್ನೊಂದು, ತುಕ್ಕು. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ನಮ್ಮ ಕಡೆ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿಯ ಅಡಿ ಒಣಗುವುದೇ ಇಲ್ಲ. ಅದರ ಮೇಲೆ ಗೊಬ್ಬರ. ತೋಟದ ಜೀಪು ಅಂದರೆ ಬೆಳಗ್ಗೆ ಜನ, ಮಧ್ಯಾಹ್ನ ಯೂರಿಯಾ, ಪೊಟ್ಯಾಷ್. ಪೊಟ್ಯಾಷ್ ಅಂದರೆ ಒಂದು ಜಾತಿಯ ಉಪ್ಪೇ. ಚೀಲ ಹರಿದು ಉದುರಿದ ಪುಡಿ ನೀರಲ್ಲಿ ಕರಗಿ ಚಾಸಿಯ ಒಳಗೆ ಇಳಿದು ಕೂರುತ್ತದೆ. ಕಡಲ ಊರಿನ ಗಾಡಿಗೆ ಗಾಳಿಯಲ್ಲಿ ಬರುವ ಉಪ್ಪನ್ನು ನಮ್ಮ ಗಾಡಿಗೆ ನಾವೇ ಚೀಲದಲ್ಲಿ ತಂದು ಸುರಿಯುತ್ತೇವೆ.

ಮೂರು ಮಿಲಿಮೀಟರ್ ದಪ್ಪದ ಕಂಬಿಯಲ್ಲಿ ಒಂದು ಮಿಲಿಮೀಟರ್ ತುಕ್ಕು ತಿಂದರೆ ಬಲದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಹೋಯಿತು. ಹೊರಗಿನಿಂದ ಒಂದು ಮಿಲಿಮೀಟರ್ ಹೋದದ್ದು ಯಾರ ಕಣ್ಣಿಗೂ ಕಾಣುವುದಿಲ್ಲ. ಪೆಟ್ಟಿಗೆಯ ಹಾಗೆ ನಾಲ್ಕೂ ಕಡೆ ಮುಚ್ಚಿದ ಭಾಗಗಳಲ್ಲಂತೂ ತುಕ್ಕು ಒಳಗಿಂದಲೇ ತಿನ್ನುತ್ತಾ ಬರುತ್ತದೆ. ಇಂಥದ್ದರ ಮೇಲೆ ತೇಪೆ ಹಾಕಿ ‘ಹಳೇ ಕಬ್ಬಿಣ ಸ್ವಾಮಿ’ ಅನ್ನುವುದು ಗೆದ್ದಲು ತಿಂದ ತೊಲೆಗೆ ಸುಣ್ಣ ಬಳಿದ ಹಾಗೆ.

ಇನ್ನೊಂದು ಗುಂಪು ಹೊಸ ಸ್ಟೀಲಿನವರದು. ಇವರ ಮಾತು ಕೇಳಲು ಚೆಂದ. ‘ಹಳೇದು ಬಿಸಾಕಿ ಅಣ್ಣ, ಹೊಸ ಚಾನೆಲ್ ಹಾಕಿ ಚಾಸಿನೇ ಹೊಸದಾಗಿ ಕಟ್ಟಿಬಿಡ್ತೀವಿ. ನಂಬರ್ ಮಾತ್ರ ಹಳೇದು ಇರಲಿ.’

ಆ ಕೊನೆಯ ಸಾಲನ್ನು ಇನ್ನೊಂದು ಸಲ ಓದಿ. ನಂಬರ್ ಮಾತ್ರ ಹಳೇದು. ಅಂದರೆ ಹಳೇ ಚಾಸಿಯಲ್ಲಿ ನಂಬರ್ ಕೆತ್ತಿದ ಗೇಣುದ್ದದ ತುಂಡನ್ನು ಗ್ರೈಂಡರಿನಲ್ಲಿ ಕೊಯ್ದು ಹೊಸ ಕಬ್ಬಿಣಕ್ಕೆ ಕೂರಿಸಿ ವೆಲ್ಡ್ ಮಾಡಿ ಉಜ್ಜುವುದು. ನಮ್ಮ ಜೀಪು ಮುರಿದ ಮೇಲೆ ನಮಗೂ ಇದೇ ಸಲಹೆ ಬಂತು. ಒಂದು ಕಡೆಯಿಂದಲ್ಲ, ಮೂರು ಕಡೆಯಿಂದ. ಹೇಳಿದವರ ಮುಖದಲ್ಲಿ ಅಳುಕೂ ಇರಲಿಲ್ಲ, ಟಯರ್ ಬದಲಾಯಿಸಿ ಅಂದಷ್ಟೇ ಸಲೀಸಾಗಿ ಹೇಳಿದರು.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ಹೊಂದದ ಹಾಗೆ ಮಾಲೀಕ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯಾಗಿ, ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5 ಸಾವಿರ ರೂಪಾಯಿ ದಂಡ, ಅಥವಾ ಎರಡೂ ಅಂತ ಸೇರಿತು. ಚಾಸಿ ನಂಬರ್ ಕೊಯ್ದು ಅಂಟಿಸುವುದು ಇದಕ್ಕಿಂತ ದೊಡ್ಡ ಅಪರಾಧ. ಅದು ಗಾಡಿ ಕಳ್ಳರು ಮಾಡುವ ಕೆಲಸ.

ಕಾನೂನು ಬಿಡಿ, ವಿಮೆ ನೋಡಿ. ಅಪಘಾತವಾದ ದಿನ ಕಂಪನಿಯವರು ಚಾಸಿ ನಂಬರಿನ ಸುತ್ತ ವೆಲ್ಡಿಂಗ್ ಗೆರೆ ಕಂಡರೆ ಪರಿಹಾರದ ಕಡತ ಅಲ್ಲಿಗೇ ಮುಚ್ಚಬಹುದು. ಮೊದಲೇ ನಮ್ಮ ಖಾಸಗಿ ಜೀಪುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಥರ್ಡ್ ಪಾರ್ಟಿ ವಿಮೆ ಮಾತ್ರ. ಅದರಲ್ಲಿ ಹಿಂದೆ ಕೂತ ಆಳಿಗೆ ಪರಿಹಾರ ಸಿಗುವುದೇ ಕಷ್ಟ. ಆ ಅಕ್ಕನ ಆಸ್ಪತ್ರೆ ಖರ್ಚು ನಾವೇ ಕೊಟ್ಟೆವು. ಕೊಡಲಾಗದ ಮನೆಯವರಾಗಿದ್ದರೆ?

ಇನ್ನು ‘ಹೊಸ ಸ್ಟೀಲು’ ಅನ್ನುವ ಮಾತಿನೊಳಗೆ ಏನಿದೆ ಅಂತಲೂ ಕೇಳಬೇಕು. ಯಾವ ಸ್ಟೀಲು? ಎಷ್ಟು ದಪ್ಪ? ಬಿಲ್ಲು ಎಲ್ಲಿ? ಕಟ್ಟಡಕ್ಕೆ, ಶೆಡ್ಡಿಗೆ ಬಳಸುವ ಸಾಮಾನ್ಯ ಉಕ್ಕಿಗೆ ಐಎಸ್ 2062 ಅನ್ನುವ ಮಾನದಂಡ ಇದೆ. ಅದರ ಗುರುತಿರುವ ಚಾನೆಲ್ ಬೇರೆ, ಗುಜರಿಯಿಂದ ಆರಿಸಿ ಬಣ್ಣ ಹೊಡೆದ ಚಾನೆಲ್ ಬೇರೆ. ಗುರುತಿದ್ದರೂ ಅದು ಜೀಪಿನ ಚಾಸಿಗೆ ಅಂತ ಮಾಡಿದ ತುಂಡಲ್ಲ. ಕಂಪನಿಯ ಚಾಸಿ ಅಚ್ಚಿನಲ್ಲಿ ಒತ್ತಿ, ಎಲ್ಲಿ ಭಾರ ಬೀಳುತ್ತದೋ ಅಲ್ಲಿ ಅಗಲವಾಗಿ, ಎಲ್ಲಿ ಬೇಡವೋ ಅಲ್ಲಿ ಸಣ್ಣದಾಗಿ ಬರುತ್ತದೆ. ನಮ್ಮೂರ ಶೆಡ್ಡಿನಲ್ಲಿ ನಾಲ್ಕು ಕಲ್ಲಿನ ಮೇಲೆ ಇಟ್ಟು, ಕಣ್ಣಳತೆಯಲ್ಲಿ ನೋಡಿ ವೆಲ್ಡ್ ಮಾಡಿದರೆ ಆ ಶಾಖಕ್ಕೇ ಕಂಬಿ ಎಳೆದುಕೊಂಡು ಓರೆಯಾಗುತ್ತದೆ. ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಟಯರು ಒಂದೇ ಕಡೆ ಸವೆಯುತ್ತದೆ. ಘಾಟಿಯಲ್ಲಿ ಬ್ರೇಕ್ ಹಾಕಿದಾಗ ಆ ಓರೆ ಯಾವ ಕಡೆಗೆ ಎಳೆಯುತ್ತದೆ ಅನ್ನುವುದು ನಿಮ್ಮ ಅದೃಷ್ಟ.

ಇದು ನಮ್ಮೂರಿನ ಜಗಳ ಮಾತ್ರ ಅಲ್ಲ. ಅಮೆರಿಕದಲ್ಲಿ ಹಾಟ್ ರಾಡ್ ಅಂತ ಒಂದು ಜಾತಿಯ ಗಾಡಿ ಇದೆ. 1920, 30ರ ದಶಕದ ಹಳೇ ಫೋರ್ಡ್ ಕಾರುಗಳನ್ನು ಹುಡುಗರು ಅಗ್ಗಕ್ಕೆ ತಂದು, ಮಡ್ಗಾರ್ಡ್ ಕಿತ್ತು ತೂಕ ಇಳಿಸಿ, ಎಂಜಿನ್ನಿನ ಜೋರು ಹೆಚ್ಚಿಸಿ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಬಯಲಿನಲ್ಲಿ ಓಡಿಸುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದ ಮೇಲೆ ಈ ಹುಚ್ಚು ಇನ್ನೂ ಬೆಳೆಯಿತು. 1948ರಲ್ಲಿ ಅದಕ್ಕೆಂದೇ ಒಂದು ಪತ್ರಿಕೆಯೂ ಶುರುವಾಯಿತು.

ಅವರಿಗೆ ಅತಿ ಪ್ರಿಯವಾದದ್ದು 1932ರ ಫೋರ್ಡ್. ಅದರಲ್ಲಿ ಬಂದ ವಿ8 ಎಂಜಿನ್ನಿಗೆ ಇದ್ದದ್ದು 65 ಅಶ್ವಶಕ್ತಿ. ಚಾಸಿಯ ಕಂಬಿ ಒಂದು ಕಡೆ ತೆರೆದ ಚಾನೆಲ್, ಆ 65ಕ್ಕೆ ಸಾಕಾಗುವಷ್ಟು. ಅದರ ಮೇಲೆ ನಾಲ್ಕೈದು ಪಟ್ಟು ಜೋರಿನ ಎಂಜಿನ್ ಕೂರಿಸಿದಾಗ ಕಂಬಿ ತಿರುಚಿಕೊಳ್ಳತೊಡಗಿತು. ಆಗ ತೆರೆದ ಕಡೆಗೆ ಪಟ್ಟಿ ಮುಚ್ಚಿ ವೆಲ್ಡ್ ಮಾಡಿ ಪೆಟ್ಟಿಗೆಯ ಹಾಗೆ ಮಾಡಿಕೊಂಡರು. ಬರಬರುತ್ತಾ ಒಳ್ಳೆಯ ಹಳೇ ಚಾಸಿ ಸಿಗುವುದೇ ಅಪರೂಪವಾಯಿತು. ಸಿಕ್ಕವು ತುಕ್ಕು ಹಿಡಿದವು, ಡಿಕ್ಕಿಯಲ್ಲಿ ಸೊಟ್ಟಗಾದವು, ಸಿಕ್ಕಸಿಕ್ಕಲ್ಲಿ ತೂತು ಕೊರೆದವು. ಆಮೇಲೆ ಅದೇ ಆಕಾರದ ಹೊಸ ಸ್ಟೀಲ್ ಕಂಬಿಗಳನ್ನು ಒತ್ತಿ ಮಾರುವವರು ಬಂದರು. ಅಲ್ಲೂ ಎರಡು ಗುಂಪು. ‘ಹೆನ್ರಿ ಫೋರ್ಡ್ ಕಾಲದ ಕಬ್ಬಿಣ ಇಲ್ಲದಿದ್ದರೆ ಅದು ಗಾಡಿಯೇ ಅಲ್ಲ’ ಅನ್ನುವವರು, ‘ಕೊಳೆತದ್ದನ್ನು ರಿಪೇರಿ ಮಾಡುವ ಖರ್ಚಿನಲ್ಲಿ ಹೊಸತು ಬರುತ್ತದೆ’ ಅನ್ನುವವರು.

ಆದರೆ ಒಂದು ವ್ಯತ್ಯಾಸ ಇದೆ, ನಮಗೆ ಬೇಕಾದದ್ದು ಅದೇ. ಅಲ್ಲಿ ಹೊಸ ಕಂಬಿಯನ್ನು ಹೊಸ ಕಂಬಿ ಅಂತಲೇ ಹೆಸರಿಟ್ಟು ಮಾರುವ ರಾಜಾರೋಷದ ಪೇಟೆ ಇದೆ. ಹಲವು ರಾಜ್ಯಗಳಲ್ಲಿ ಕೈಯಾರೆ ಕಟ್ಟಿದ ಗಾಡಿಗೆ ಅಂತಲೇ ಬೇರೆ ನೋಂದಣಿ ದಾರಿಯೂ ಇದೆ. ಗಾಡಿ ತಂದು ತೋರಿಸು, ಪರೀಕ್ಷೆ ಮಾಡುತ್ತೇವೆ, ಹೊಸ ಗುರುತಿನ ನಂಬರ್ ಕೊಡುತ್ತೇವೆ ಅನ್ನುವ ದಾರಿ. ಅಲ್ಲೂ ಮೋಸಗಾರರು ಇದ್ದೇ ಇರುತ್ತಾರೆ. ಆದರೆ ನೆಟ್ಟಗೆ ನಡೆಯಬೇಕು ಅನ್ನುವವನಿಗೆ ಒಂದು ಬಾಗಿಲು ಇದೆ. ನಮ್ಮಲ್ಲಿ ಹಳ್ಳಿಯ ಶೆಡ್ಡಿನವನಿಗೆ ಅಂಥ ಬಾಗಿಲು ಇಲ್ಲ. ಹಾಗಾಗಿ ಕಿಟಕಿ ಹಾರುತ್ತಾರೆ.

ನಮ್ಮ ದೇಶದಲ್ಲೂ ಕೈಕೆಲಸದವರು ಇಲ್ಲವೇ? ಹರಿಯಾಣದ ಮಂಡಿ ಡಬ್ವಾಲಿ ಅನ್ನುವ ಊರು ಜೀಪು ಕಟ್ಟುವುದಕ್ಕೇ ದೇಶದಲ್ಲೆಲ್ಲ ಹೆಸರಾಗಿದೆ. ಅಲ್ಲಿನ ಜೀಪುಗಳ ವಿಡಿಯೊ ನಮ್ಮ ಹುಡುಗರ ಫೋನಿನಲ್ಲಿ ದಿನಾ ಓಡುತ್ತವೆ. ಆ ಕಸುಬಿನ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮೂರ ಮೇಸ್ತ್ರಿಗಳ ಮೇಲೂ ಇಲ್ಲ. ಹತ್ತನೇ ಕ್ಲಾಸು ದಾಟದೆ, ಕಣ್ಣಿಗೆ ಸರಿಯಾದ ಗಾಜಿಲ್ಲದೆ, ಕತ್ತಲ ಶೆಡ್ಡಿನಲ್ಲಿ ಕೂತು ಎಂಜಿನ್ ಬಿಚ್ಚಿ ಕಟ್ಟುವವರು ಅವರು. ಅವರಿಗೆ ಸರಿಯಾದ ತರಬೇತಿ, ಸರಿಯಾದ ಜಿಗ್, ಸರಿಯಾದ ಪರವಾನಗಿ ಕೊಟ್ಟು ‘ಈ ಕೆಲಸಕ್ಕೆ ನೀನು ಸಹಿ ಹಾಕು’ ಅಂದರೆ ಅವರೇ ಹೆದರಿ ಚೊಕ್ಕಟ ಕೆಲಸ ಮಾಡುತ್ತಾರೆ. ಸಹಿ ಇಲ್ಲದ ಕೆಲಸಕ್ಕೆ ಹೊಣೆಯೂ ಇಲ್ಲ. ನಮ್ಮ ಜೀಪಿಗೆ ತೇಪೆ ಹಾಕಿದವರು ಆಮೇಲೆ ಹೇಳಿದ್ದು ಒಂದೇ ಮಾತು, ‘ನೀವು ಓವರ್‌ಲೋಡ್ ಹಾಕಿದ್ರಿ’. ಅದು ಸುಳ್ಳೂ ಅಲ್ಲ.

ಸರ್ಕಾರಿ ತಪಾಸಣೆಯ ಕಥೆಯನ್ನೂ ಹೇಳಬೇಕು. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. 2022ರ ಏಪ್ರಿಲ್‌ನಿಂದ ಕಾರು, ಜೀಪಿನಂಥ ಗಾಡಿಗೆ ಇದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಏರಲಿ. ಆದರೆ ಆ ದುಡ್ಡಿಗೆ ನಮಗೆ ಸಿಕ್ಕಿದ್ದೇನು? ನಮ್ಮ ಜೀಪಿನ ತಪಾಸಣೆಯ ದಿನ ದೀಪ ಹತ್ತಿಸಿ ನೋಡಿದರು, ಹಾರ್ನ್ ಹೊಡೆಸಿದರು, ನಂಬರ್ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಅಡಿಗೆ ಯಾರೂ ಮಲಗಲಿಲ್ಲ. ಹಾರ್ನ್ ಚೆನ್ನಾಗಿತ್ತು. ಮುರಿದ ದಿನವೂ ಚೆನ್ನಾಗಿಯೇ ಹೊಡೆಯುತ್ತಿತ್ತು.

ಇಷ್ಟೆಲ್ಲ ಹೇಳಿ ‘ಹಾಗಾದರೆ ನಿಮ್ಮ ತೀರ್ಮಾನ ಏನು’ ಅಂದರೆ ಅದೂ ಹೇಳುತ್ತೇವೆ.

ಹಳೇ ಚಾಸಿ ಗಟ್ಟಿಯಾಗಿದ್ದರೆ ಅದೇ ಇರಲಿ. ಅದಕ್ಕಿಂತ ಒಳ್ಳೆಯದು ಇಲ್ಲ. ಕಂಪನಿಯ ಅಚ್ಚಿನಲ್ಲಿ ಬಂದದ್ದು, ನಂಬರ್ ಅದರದ್ದೇ, ಕಾಗದ ಅದರದ್ದೇ. ಆದರೆ ಗಟ್ಟಿ ಇದೆಯೋ ಇಲ್ಲವೋ ಅನ್ನುವುದನ್ನು ಅಪ್ಪನ ನೆನಪು ಹೇಳಬಾರದು, ಸುತ್ತಿಗೆ ಹೇಳಬೇಕು.

ಒಂದು ಕಡೆ ಮಾತ್ರ, ಸಣ್ಣ ಜಾಗದಲ್ಲಿ ತುಕ್ಕು ಇದ್ದರೆ, ಕೊಳೆತದ್ದನ್ನು ಪೂರ್ತಿ ಕೊಯ್ದು ತೆಗೆದು, ಒಳ್ಳೆಯ ಕಬ್ಬಿಣ ಸಿಗುವವರೆಗೆ ಹೋಗಿ, ಅದೇ ದಪ್ಪದ ತುಂಡು ಕೂರಿಸಬೇಕು. ಜೋಡಣೆ ಕಂಬಿಗೆ ನೇರ ಅಡ್ಡವಾಗಿ ಬರಬಾರದು, ಓರೆಯಾಗಿ ಬರಬೇಕು. ತುಕ್ಕಿನ ಮೇಲೆಯೇ ಪಟ್ಟಿ ಇಟ್ಟು ಸುತ್ತ ವೆಲ್ಡ್ ಮಾಡುವುದು ರಿಪೇರಿ ಅಲ್ಲ, ಮುಚ್ಚಿಡುವುದು.

ಸ್ಪ್ರಿಂಗ್ ಹ್ಯಾಂಗರಿನ ಜಾಗಗಳಲ್ಲಿ, ಎರಡೂ ಕಂಬಿಗಳಲ್ಲಿ ಒಳಗಿಂದ ತುಕ್ಕು ಇದ್ದರೆ ಆ ಚಾಸಿಗೆ ಕೈ ಮುಗಿದು ಬಿಡಿ. ಅದು ತನ್ನ ಕೆಲಸ ಮಾಡಿ ಮುಗಿಸಿದೆ. ಬದಲಿ ಹಾಕುವುದಾದರೆ ಮೊದಲು ಆರ್‌ಟಿಒಗೆ ಅರ್ಜಿ, ಲಿಖಿತ ಅನುಮತಿ, ಆಮೇಲೆ ಕೆಲಸ. ಬಿಲ್ಲು ಸಮೇತ. ಅನುಮತಿ ಸಿಗದಿದ್ದರೆ ಆ ಗಾಡಿ ಜನರನ್ನು ಹೊರುವುದು ಅಲ್ಲಿಗೆ ಮುಗಿಯಿತು. ನಂಬರ್ ಕೊಯ್ದು ಅಂಟಿಸುವ ಮಾತು ಬಂದ ಕೂಡಲೇ ಆ ಶೆಡ್ಡಿನಿಂದ ಎದ್ದು ಬನ್ನಿ.

ನೋಡುವುದು ಹೇಗೆ? ಇದಕ್ಕೆ ಎಂಜಿನಿಯರ್ ಬೇಡ, ಅರ್ಧ ದಿನ ಸಾಕು.

ಗಾಡಿಯ ಅಡಿಯನ್ನು ತೊಳೆದು ಒಣಗಿಸಿ. ಹೊಸದಾಗಿ ಕಪ್ಪು ಬಣ್ಣ ಅಥವಾ ಡಾಂಬರು ಬಳಿದ ಗಾಡಿ ಕೊಳ್ಳಲು ಹೋದರೆ ಎರಡು ಸಲ ಅನುಮಾನ ಪಡಿ. ಜ್ಯಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ, ದಪ್ಪ ಮರದ ದಿಮ್ಮಿ ಕೊಟ್ಟು, ಚಕ್ರಕ್ಕೆ ಕಲ್ಲು ಇಟ್ಟು ಹೋಗಿ.

ಸಣ್ಣ ಸುತ್ತಿಗೆಯಲ್ಲಿ ಚಾಸಿಯ ಉದ್ದಕ್ಕೂ ಗೇಣಿಗೊಂದು ಏಟು ಹೊಡೆಯುತ್ತಾ ಬನ್ನಿ. ಒಳ್ಳೆಯ ಕಬ್ಬಿಣ ಠಣ್ ಅನ್ನುತ್ತದೆ. ಕೊಳೆತದ್ದು ಒಡಕು ಮಡಕೆಯ ಹಾಗೆ ಡಬ್ ಅನ್ನುತ್ತದೆ, ಪುಡಿ ಉದುರುತ್ತದೆ. ಮೇಸ್ತ್ರಿ ನಮಗೆ ತೋರಿಸಿದ ಹಾಗೆ ಒಂದೇ ಜಾಗದಲ್ಲಿ ಒಂದೇ ಏಟು ಸಾಲದು.

ನೀರು ಇಳಿಯುವ ತೂತುಗಳಲ್ಲಿ, ಹಿಂದಿನ ಅಡ್ಡಪಟ್ಟಿಯ ಮೂಲೆಯಲ್ಲಿ, ಹ್ಯಾಂಗರ್ ಸುತ್ತ ಸ್ಕ್ರೂಡ್ರೈವರ್ ಒತ್ತಿ ನೋಡಿ. ಒಳಗೆ ಹೋದರೆ ಉತ್ತರ ಸಿಕ್ಕಿತು. ಫೋನಿನ ಟಾರ್ಚ್ ಹಾಕಿ ಒಳಗಡೆಯ ಫೋಟೊ ತೆಗೆಯಿರಿ. ಇಷ್ಟು ದಿನ ರೀಲ್ಸ್ ನೋಡಿದ ಫೋನು ಒಂದು ಒಳ್ಳೆಯ ಕೆಲಸ ಮಾಡಲಿ.

ಓರೆ ಇದೆಯೋ ನೋಡಲು, ಗಾಡಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಎರಡೂ ಕಂಬಿಗಳ ಒಂದೇ ಜಾಗದ ತೂತಿನಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಡಿ. ಮುಂದೆ ಎರಡು, ಹಿಂದೆ ಎರಡು. ನೆಲದ ಮೇಲೆ ನಾಲ್ಕು ಗುರುತು ಮಾಡಿ, ಮೂಲೆಯಿಂದ ಮೂಲೆಗೆ ಅಳೆಯಿರಿ. ಮನೆಗೆ ಪಾಯ ಹಾಕುವಾಗ ಮೂಲೆ ಅಳೆಯುವುದಿಲ್ಲವೇ, ಅದೇ ಲೆಕ್ಕ. ಎರಡು ಅಳತೆಗಳಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚಾಸಿ ತಿರುಚಿದೆ ಅಂತ ತಿಳಿದು ಬಲ್ಲವರಿಗೆ ತೋರಿಸಿ.

ಕೊನೆಗೆ ನಂಬರ್. ಅದರ ಸುತ್ತ ಗ್ರೈಂಡರ್ ಗುರುತು, ವೆಲ್ಡಿಂಗ್ ಗೆರೆ, ಅಕ್ಷರಗಳಲ್ಲಿ ಏರುಪೇರು ಕಂಡರೆ ಮುಂಗಡ ಕೊಡಬೇಡಿ.

‘ಇದೆಲ್ಲ ದುಡ್ಡಿದ್ದವರ ಮಾತು, ಜೀಪು ನಿಲ್ಲಿಸಿದರೆ ಆಳುಗಳು ಬರುವುದು ಹೇಗೆ, ಮಕ್ಕಳು ಶಾಲೆಗೆ ಹೋಗುವುದು ಹೇಗೆ’ ಅಂತ ಕೇಳುವವರು ಇದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಊರಿಗೂ ಬಸ್ಸಿಲ್ಲ. ಆದರೆ ಬಸ್ಸು ಇಲ್ಲದ್ದಕ್ಕೆ ಉತ್ತರ ಕೊಡಬೇಕಾದವರು ಬೇರೆ. ಅವರು ಮಾಡದ ಕೆಲಸದ ಭಾರವನ್ನು ಕೊಳೆತ ಕಂಬಿಯ ಮೇಲೆ, ಕೂಲಿಯವರ ಮೈಮೇಲೆ ಹೊರಿಸಿ ಎಷ್ಟು ದಿನ ಓಡಿಸುವುದು? ಜೀಪು ಇರುವುದರಿಂದಲೇ ಬಸ್ಸು ಬರುತ್ತಿಲ್ಲ ಅನ್ನುವುದನ್ನೂ ಯೋಚಿಸಿ. ಹೇಗೋ ನಡೆಯುತ್ತಿದೆಯಲ್ಲ ಅಂತ ಎಲ್ಲರೂ ಸುಮ್ಮನಿದ್ದಾರೆ.

ಆದ್ದರಿಂದ ನಮ್ಮ ಬೇಡಿಕೆ ಮೂರೇ. ತಪಾಸಣೆಯಲ್ಲಿ ಗಾಡಿಯನ್ನು ಎತ್ತಿ, ಚಾಸಿಯ ಫೋಟೊ ತೆಗೆದು ಕಡತಕ್ಕೆ ಸೇರಿಸಿ. ಐಟಿಐಗಳಲ್ಲಿ ಚಾಸಿ ರಿಪೇರಿಯ ತರಬೇತಿ ಕೊಟ್ಟು ಹಳ್ಳಿಯ ಮೇಸ್ತ್ರಿಗಳಿಗೆ ಪರವಾನಗಿ ಕೊಡಿ, ಹೊಣೆಯನ್ನೂ ಕೊಡಿ. ಚಾಸಿ ಹೋದ ಜೀಪಿಗೆ ಪ್ರಾಮಾಣಿಕವಾಗಿ ಹೊಸ ಚಾಸಿ ಹಾಕಿಸಿಕೊಳ್ಳಲು ಸುಲಭವಾಗಿ ಅರ್ಥವಾಗುವ ಒಂದು ದಾರಿ ಮಾಡಿ, ಅದನ್ನು ಕನ್ನಡದಲ್ಲಿ ಬರೆದು ಆರ್‌ಟಿಒ ಬಾಗಿಲಿಗೆ ಅಂಟಿಸಿ.

ನಮ್ಮ ಕಡೆಯಿಂದ ಒಂದು ಮಾತು ಕೊಡುತ್ತೇವೆ. ಇನ್ನು ಮೇಲೆ ಜೀಪು ಪಲ್ಟಿಯ ಸುದ್ದಿ ಬರೆಯುವಾಗ ಅಡಿಗೆ ಬಗ್ಗಿ ನೋಡದೆ ‘ನಿಯಂತ್ರಣ ತಪ್ಪಿ’ ಅಂತ ಬರೆಯುವುದಿಲ್ಲ.

ನಮ್ಮ ಜೀಪು ಈಗ ಶೆಡ್ಡಿನಲ್ಲಿದೆ. ಅಪ್ಪ ಕೂರುತ್ತಿದ್ದ ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿದೆ. ಗುಜರಿಗೆ ಹಾಕಲು ಮನಸ್ಸು ಬಂದಿಲ್ಲ, ರಸ್ತೆಗೆ ಇಳಿಸುವ ಧೈರ್ಯವೂ ಇಲ್ಲ. ಮೂಳೆ ಮುರಿದಿದ್ದ ಅಕ್ಕ ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ, ಮೂರು ಕಿಲೋಮೀಟರ್ ನಡೆದುಕೊಂಡು. ಮೊನ್ನೆ ಗೇಟಿನ ಹತ್ತಿರ ನಿಂತು ಕೇಳಿದರು, ‘ಅಣ್ಣಾ, ಜೀಪು ಯಾವಾಗ ರೆಡಿ ಆಗ್ತದೆ?’

ಆಗಲ್ಲ ಅಕ್ಕಾ ಅಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ ಬಿಡಿ, ನಡೆದೇ ಬರ್ತೀವಿ’ ಅಂದು ತೋಟದ ಕಡೆ ಹೋದರು. ಬಾಡಿಗೆ ಆಟೊಗೆ ತಿಂಗಳಿಗೆ ಎಷ್ಟಾಗುತ್ತದೆ ಅಂತ ಈಗ ಲೆಕ್ಕ ಹಾಕುತ್ತಿದ್ದೇವೆ. ಹದಿನೆಂಟು ಸಾವಿರದ ತೇಪೆಗಿಂತ ಅದು ದುಬಾರಿಯೇ. ಆದರೂ ಕೊಡುತ್ತೇವೆ.